ಚೇಂಜ್‌ಓವರ್ ಸ್ವಿಚ್ಚಿನ ಚರಿತ್ರೆ: ಕೊಡಗಿನ ಮಳೆಗಾಲ ಹೇಳುವ ಪಾಠ

ಕೊಡಗಿನಲ್ಲಿ ಕಕ್ಕಡ ತಿಂಗಳೆಂದರೆ ಬಿಡದೆ ಸುರಿಯುವ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದಾಗ ಕಂಬಗಳೂ ಜೊತೆಗೆ ಹೋದವು. ಇಂಥ ಊರಿನಲ್ಲಿ ಜನರೇಟರ್ ಅಗತ್ಯದ ವಸ್ತು. ಆದರೆ ಅದನ್ನು ಮನೆಯ ವೈರಿಂಗಿಗೆ ಹೇಗೆ ಜೋಡಿಸಿದ್ದೇವೆ ಎಂಬುದು ನಮ್ಮ ಮನೆಗಷ್ಟೇ ಸೇರಿದ ಸಂಗತಿಯಲ್ಲ. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ಅದನ್ನು ಅವಲಂಬಿಸಿರುತ್ತದೆ. ಏಕೆಂದು ತಿಳಿಯಲು ಸ್ವಲ್ಪ ಇತಿಹಾಸ ನೋಡೋಣ.

ಉಂಗುರಕ್ಕೆ ಹಿಂದು ಮುಂದಿಲ್ಲ

1831ರ ಆಗಸ್ಟ್ 29ರಂದು ಮೈಕೆಲ್ ಫ್ಯಾರಡೆ ಕಬ್ಬಿಣದ ಉಂಗುರವೊಂದಕ್ಕೆ ಎರಡು ತಂತಿ ಸುರುಳಿಗಳನ್ನು ಸುತ್ತಿ ಪ್ರಯೋಗ ನಡೆಸಿದ. ಒಂದು ಸುರುಳಿಯಲ್ಲಿ ಪ್ರವಾಹವನ್ನು ಹರಿಸಿದಾಗ ಮತ್ತು ನಿಲ್ಲಿಸಿದಾಗ ಇನ್ನೊಂದರಲ್ಲಿ ಕ್ಷಣಕಾಲ ಪ್ರವಾಹ ಉಂಟಾಯಿತು. ಜನರೇಟರ್ ಮತ್ತು ಟ್ರಾನ್ಸ್‌ಫಾರ್ಮರ್ ಎರಡಕ್ಕೂ ಇದೇ ಮೂಲ. 1885ರಲ್ಲಿ ಬುಡಾಪೆಸ್ಟಿನ ಜಿಪರ್ನೋವ್‌ಸ್ಕಿ, ಬ್ಲಾಥಿ ಮತ್ತು ಡೆರಿ ಎಂಬ ಮೂವರು ಎಂಜಿನಿಯರುಗಳು ಬಳಕೆಗೆ ಒದಗುವ ಟ್ರಾನ್ಸ್‌ಫಾರ್ಮರನ್ನು ರೂಪಿಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು, ವೋಲ್ಟೇಜನ್ನು ಏರಿಸಿ ಇಳಿಸುವ ಈ ಉಪಕರಣದಿಂದಲೇ.

ಫ್ಯಾರಡೆಯ ಉಂಗುರಕ್ಕೆ ಯಾವ ಸುರುಳಿ ಮೊದಲನೆಯದು, ಯಾವುದು ಎರಡನೆಯದು ಎಂಬುದು ಗೊತ್ತಿಲ್ಲ. ನಮ್ಮ ಊರಿನ ಟ್ರಾನ್ಸ್‌ಫಾರ್ಮರಿಗೂ ಅಷ್ಟೆ. ಅದು 11,000 ವೋಲ್ಟನ್ನು ಫೇಸಿಗೆ ಸುಮಾರು 250 ವೋಲ್ಟಿಗೆ ಇಳಿಸುತ್ತದೆ. ಎಂದರೆ 44ರಲ್ಲಿ ಒಂದು ಪಾಲು. ಕರೆಂಟು ಹೋದಾಗ ಯಾರಾದರೂ ಜನರೇಟರಿನ 230 ವೋಲ್ಟನ್ನು ಮನೆಯ ಸಾಕೆಟ್ಟಿನ ಮೂಲಕ ಹಿಂದಕ್ಕೆ ಕೊಟ್ಟು, ಮೈನ್ ಸ್ವಿಚ್ಚನ್ನು ತೆಗೆಯಲು ಮರೆತರೆ, ಅದೇ ಟ್ರಾನ್ಸ್‌ಫಾರ್ಮರ್ ಅದನ್ನು 44 ಪಟ್ಟು ಏರಿಸಬಲ್ಲದು. ಆಗ ಸತ್ತಿದೆ ಎಂದುಕೊಂಡ ತಂತಿಯಲ್ಲಿ ಸುಮಾರು 10,000 ವೋಲ್ಟ್!

‘ಅಕ್ಕಪಕ್ಕದ ಮನೆಗಳ ಭಾರಕ್ಕೆ ಎಂಜಿನ್ನೇ ನಿಂತುಹೋಗುತ್ತದೆ, ಅಪಾಯವಿಲ್ಲ’ ಎನ್ನುವವರುಂಟು. ತಂತಿ ನಡುವೆ ತುಂಡಾಗಿದ್ದರೆ ಆ ಭಾರವೇ ಇರುವುದಿಲ್ಲ. ಲೈನ್‌ಮನ್ ದುರಸ್ತಿಗೆ ಬರುವುದೂ ಆಗಲೇ. ಟ್ರಾನ್ಸ್‌ಫಾರ್ಮರಿನ ಫ್ಯೂಸು ತೆಗೆದಿದ್ದರೂ ಮನೆಯ ಕಡೆಯ ತಂತಿಯಲ್ಲಿ 230 ವೋಲ್ಟ್ ಉಳಿದಿರುತ್ತದೆ.

ಒಂದು ಹಿಡಿ, ಎರಡು ದಾರಿ

ಈ ತೊಡಕಿಗೆ ಪರಿಹಾರ ಬಹಳ ಹಳೆಯದು. ಡೈನಮೋ ಕಾಲದ ವಿದ್ಯುದಾಗಾರಗಳಲ್ಲಿ ಅಮೃತಶಿಲೆ ಅಥವಾ ಸ್ಲೇಟಿನ ಹಲಗೆಯ ಮೇಲೆ ತಾಮ್ರದ ಚಾಕು ಸ್ವಿಚ್ಚುಗಳಿರುತ್ತಿದ್ದವು. ಹಿಡಿಯನ್ನು ಮೇಲೆ ತಳ್ಳಿದರೆ ಒಂದು ಮೂಲ, ಕೆಳಗೆ ಎಳೆದರೆ ಇನ್ನೊಂದು, ನಡುವೆ ನಿಲ್ಲಿಸಿದರೆ ಯಾವುದೂ ಇಲ್ಲ. ಒಂದೇ ಅಲಗು ಏಕಕಾಲಕ್ಕೆ ಎರಡು ಕಡೆ ಇರಲಾರದು. ಇಂದಿನ ಚೇಂಜ್‌ಓವರ್ ಸ್ವಿಚ್ಚು ಇದರದೇ ಸಂತತಿ. ಅದರ ಸುರಕ್ಷತೆ ಮನುಷ್ಯನ ನೆನಪಿನ ಮೇಲೆ ನಿಂತಿಲ್ಲ, ಲೋಹದ ಆಕಾರದ ಮೇಲೆ ನಿಂತಿದೆ.

ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಸೇರಿತು. ಮರುವರ್ಷ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಜಾಲದ ಕರೆಂಟು ಬಂದ ಮೇಲೂ ತೋಟಗಳಲ್ಲಿ ಡೀಸೆಲ್ ಎಂಜಿನ್ನುಗಳು ಉಳಿದವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕರೆಂಟಿಗಾಗಿ ಕಾಯುವಂತಿಲ್ಲ. ಕೊಯ್ದ ಹಣ್ಣು ತಡವಾದರೆ ಹುಳಿಯುತ್ತದೆ. ಮುಂದೆ ಕೈಯಲ್ಲಿ ಎತ್ತಬಹುದಾದ ಪುಟ್ಟ ಜನರೇಟರುಗಳು ಮನೆಗಳಿಗೂ ಬಂದವು. ಯಂತ್ರ ಅಗ್ಗವಾಯಿತು, ಆದರೆ ಸ್ವಿಚ್ಚು ಎಷ್ಟೋ ಕಡೆ ಅದರ ಜೊತೆಗೆ ಬರಲಿಲ್ಲ. ಎರಡೂ ತುದಿಗೆ ಪಿನ್ ಇರುವ ವೈರು ಆ ಜಾಗವನ್ನು ಹಿಡಿಯಿತು.

ಚಕ್ರದ ಮೇಲಿನ ಮನೆ

ಅಡುಗೆ, ಹಾಸಿಗೆ, ಫ್ರಿಜ್ ಎಲ್ಲ ಇರುವ ಕಾರವಾನ್ ವಾಹನದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ರಬ್ಬರ್ ಟೈರುಗಳಿಂದಾಗಿ ಅದಕ್ಕೆ ಭೂಮಿಯ ಸಂಪರ್ಕ ಸರಿಯಾಗಿ ಇರುವುದಿಲ್ಲ. ಅಮೆರಿಕದ ಚಾರ್ಲ್ಸ್ ಡಾಲ್‌ಝಿಯೆಲ್ ವಿದ್ಯುದಾಘಾತವನ್ನು ವರ್ಷಗಳ ಕಾಲ ಅಧ್ಯಯನ ಮಾಡಿ, 1961ರಲ್ಲಿ ಕೆಲವೇ ಮಿಲಿಆಂಪಿಯರ್ ಸೋರಿದರೂ ಕರೆಂಟನ್ನು ಕಡಿದುಹಾಕುವ ಸಾಧನವನ್ನು ರೂಪಿಸಿದ. ನಮ್ಮ ಮನೆಗಳಲ್ಲಿರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೇ ತತ್ವದ್ದು. ಆದರೆ ಸೋರಿದ ಪ್ರವಾಹ ಮೂಲಕ್ಕೆ ಮರಳಲು ಬೇರೊಂದು ದಾರಿಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆದ್ದರಿಂದ ಜನರೇಟರ್ ಓಡುವಾಗ ಅದರ ನ್ಯೂಟ್ರಲ್ ವಾಹನದ ಚಾಸಿಗೆ ಸೇರಿರಬೇಕು. ಹೊರಗಿನ ಕರೆಂಟಿಗೆ ಬದಲಿಸಿದಾಗ ಆ ಜೋಡಣೆ ಕಳಚಿಕೊಳ್ಳಬೇಕು, ಇಲ್ಲವಾದರೆ ನ್ಯೂಟ್ರಲಿನ ಪ್ರವಾಹ ಚಾಸಿಯಲ್ಲೂ ಹರಿಯುತ್ತದೆ. ಹಾಗಾಗಿ ಸ್ವಿಚ್ಚು ಫೇಸನ್ನಷ್ಟೇ ಅಲ್ಲ, ನ್ಯೂಟ್ರಲನ್ನೂ ಬದಲಿಸಬೇಕು.

ಇಷ್ಟಾದ ಮೇಲೂ ಹೊಗೆಯನ್ನು ಮರೆಯಬಾರದು. ಮಳೆ ತಗಲದಿರಲೆಂದು ಜನರೇಟರನ್ನು ಮುಚ್ಚಿದ ಜಗುಲಿಯಲ್ಲೋ ವಾಹನದ ಒಳಗೋ ಓಡಿಸಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಲೈನ್‌ಮನ್ ಕೆಲಸಕ್ಕೆ ಮುನ್ನ ತಂತಿಯನ್ನು ಪರೀಕ್ಷಿಸಿ ಅರ್ತ್ ಮಾಡಬೇಕೆಂಬುದು ನಿಯಮ. ಆದರೆ ಕತ್ತಲೆ, ಮಳೆ, ಜಾರುವ ಏಣಿ, ‘ಕರೆಂಟು ಯಾವಾಗ ಬರುತ್ತದೆ’ ಎಂಬ ಫೋನುಗಳ ನಡುವೆ ಆತನ ಎಚ್ಚರವೊಂದನ್ನೇ ನಾವು ನಂಬಿ ಕೂರಬಾರದು. ಮುಂದಿನ ಮುಂಗಾರಿಗೆ ಮೊದಲು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಮನೆಗೆ ಚೇಂಜ್‌ಓವರ್ ಸ್ವಿಚ್ಚು ಹಾಕಿಸಿ; ಎರಡು ಪಿನ್ನಿನ ಆ ವೈರನ್ನು ಕತ್ತರಿಸಿ ಎಸೆಯಿರಿ.