ಎಲ್ಲೋ ಗಾಳಿ ಎಳೀತೈತಿ: ಹಳೆ ಕಾರಿನ ನಡುಕಕ್ಕೂ ಒಂದು ಚರಿತ್ರೆ ಇದೆ

ಇವತ್ತಿನ ಕಂತಿನಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಇರೋದು ಗಾಳಿ. ಅದೂ ಬರಬಾರದ ದಾರಿಯಿಂದ ಎಂಜಿನ್ ಒಳಗೆ ನುಗ್ಗೋ ಗಾಳಿ.

ಹಳೆ ಪೆಟ್ರೋಲ್ ಕಾರು ನೋಡಿರ್ತೀರಿ. ರೋಡಲ್ಲಿ ಚೆನ್ನಾಗೇ ಓಡುತ್ತೆ. ರೈಲ್ವೆ ಗೇಟಿನ ಹತ್ರ ನಿಲ್ಲಿಸಿದ ಕೂಡಲೇ ಚಳಿ ಜ್ವರ ಬಂದಂಗೆ ನಡುಗುತ್ತೆ, ಸ್ಟೇರಿಂಗ್ ಅಲುಗುತ್ತೆ, ಆಮೇಲೆ ಆಫ್ ಆಗುತ್ತೆ. ಸ್ವಲ್ಪ ರೇಸ್ ಕೊಟ್ರೆ ಮತ್ತೆ ಸರಿ. ಗ್ಯಾರೇಜ್ ಭಾಷೆಯಲ್ಲಿ ಇದು 'ಮಿಸ್ಸಿಂಗ್'. ಇದಕ್ಕೆ ಕಾರಣಗಳು ಹಲವು. ಆದರೆ ಅತಿ ಅಗ್ಗದ ಕಾರಣವನ್ನೇ ಜನ ಕೊನೆಗೆ ಹುಡುಕ್ತಾರೆ. ಯಾಕೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಎಂಜಿನ್ ಒಳಗಿನ ಲೆಕ್ಕ. ನಾನು ಬಿ.ಕಾಂ. ಓದಿದವನು, ಹಂಗಾಗಿ ಅಂಗಡಿ ಲೆಕ್ಕದಲ್ಲೇ ಹೇಳ್ತೀನಿ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಕಾರ್ಬ್ಯುರೇಟರ್ ಅಂದ್ರೆ ಅಂಗಡಿ ಬಾಗಿಲಲ್ಲಿ ಕೂತ ಗುಮಾಸ್ತ. ತನ್ನ ಮುಂದೆ ಹಾದು ಹೋದ ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಬಿಡ್ತಾನೆ. ಹಿಂದಿನ ಗೋಡೆಯ ಸಂದಿಯಿಂದ ಗಾಳಿ ಬಂದ್ರೆ? ಅದು ಬಿಲ್ ಇಲ್ಲದೆ ಒಳಗೆ ಬಂದ ಮಾಲು. ಗುಮಾಸ್ತನಿಗೆ ಗೊತ್ತೇ ಆಗಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಕೆಲವು ಸಲ ಸಿಲಿಂಡರ್ ಒಳಗೆ ಬೆಂಕಿನೇ ಹತ್ತಲ್ಲ. ಅದೇ ಆ ನಡುಕ.

ಹಾಗಾದ್ರೆ ನಿಂತಾಗಲೇ ಯಾಕೆ ನಡುಕ, ಓಡುವಾಗ ಯಾಕಿಲ್ಲ? ನಿಂತಾಗ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತೆ. ಪಿಸ್ಟನ್‌ಗಳು ಕೆಳಗೆ ಎಳೀತಾನೇ ಇರ್ತವೆ, ಒಳಗೆ ಬರೋ ಗಾಳಿ ಸ್ವಲ್ಪವೇ. ಆಗ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನ ಒತ್ತಡದ ಅರ್ಧಕ್ಕಿಂತ ಕಮ್ಮಿ ಆಗಿಬಿಡುತ್ತೆ. ಇದಕ್ಕೇ ವ್ಯಾಕ್ಯೂಮ್ ಅಂತಾರೆ, ಪುಸ್ತಕದ ಕನ್ನಡದಲ್ಲಿ ನಿರ್ವಾತ. ಈ ಹೊತ್ತಿನಲ್ಲಿ ಸಣ್ಣ ತೂತು ಸಿಕ್ಕರೂ ಹೊರಗಿನ ಗಾಳಿ ಜೋರಾಗಿ ನುಗ್ಗುತ್ತೆ. ಒಟ್ಟು ಗಾಳಿನೇ ಸ್ವಲ್ಪ ಇರೋವಾಗ ಈ ಕಳ್ಳಗಾಳಿಯ ಪಾಲು ದೊಡ್ಡದು. ಗಾಡಿ ಓಡುವಾಗ ಬಾಗಿಲಿಂದಲೇ ಬೇಕಾದಷ್ಟು ಗಾಳಿ ಬರುತ್ತೆ, ಸಂದಿಯ ಗಾಳಿ ಲೆಕ್ಕಕ್ಕೇ ಬರಲ್ಲ. ರೇಸ್ ಕೊಟ್ಟಾಗ ಸರಿಹೋಗೋ ಮಿಸ್ಸಿಂಗ್ ಅಂದ್ರೆ ಮೊದಲು ಗಾಳಿಯನ್ನ ಅನುಮಾನಿಸಿ ಅನ್ನೋದು ಇದಕ್ಕೇ.

ಈಗ ಚರಿತ್ರೆಗೆ ಬರೋಣ. 1643ರಲ್ಲಿ ಇಟಲಿಯ ತೊರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯಿಂದ ಗಾಳಿಗೂ ಭಾರ ಇದೆ ಅಂತ ತೋರಿಸಿಕೊಟ್ಟರು. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿ ಸುಮಾರು 76 ಸೆಂಟಿಮೀಟರ್, ಅಂದ್ರೆ 30 ಇಂಚು ಪಾದರಸವನ್ನ ಎತ್ತಿ ಹಿಡಿಯುತ್ತೆ. ಗ್ಯಾರೇಜಿನ ವ್ಯಾಕ್ಯೂಮ್ ಗೇಜಿನ ಮೇಲೆ ಇವತ್ತಿಗೂ ಅದೇ 'ಇಂಚು ಪಾದರಸ'ದ ಗುರುತು. 1893ರ ಸುಮಾರಿಗೆ ಜರ್ಮನಿಯ ಮೇಬಾಕ್, ಹಂಗೇರಿಯ ಬಾಂಕಿ ಮತ್ತು ಚೊಂಕಾ, ಪೆಟ್ರೋಲನ್ನ ತುಂತುರಾಗಿ ಎಳೆಯೋ ಕಾರ್ಬ್ಯುರೇಟರ್ ಮಾಡಿದ್ರು. ಅಲ್ಲಿಂದ ಸುಮಾರು ನೂರು ವರ್ಷ ಪೆಟ್ರೋಲ್ ಎಂಜಿನ್ ಬದುಕಿದ್ದು ಈ ಎಳೆತದ ಮೇಲೆ. ಬರೀ ಎಂಜಿನ್ ಅಲ್ಲ, ಹಳೇ ಅಮೆರಿಕನ್ ಕಾರು, ಜೀಪುಗಳಲ್ಲಿ ವೈಪರ್ ಕೂಡ ಇದೇ ಎಳೆತದಿಂದ ಆಡ್ತಿತ್ತು. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ವ್ಯಾಕ್ಯೂಮ್ ಕಮ್ಮಿಯಾಗಿ, ಮಳೆಯಲ್ಲೇ ವೈಪರ್ ನಿಧಾನ ಆಗ್ತಿತ್ತು!

ಇದು ನಮ್ಮ ಸೀಮೆಗೆ ಹೆಂಗೆ ಬಂತು? ನಮ್ಮೂರು ಸಂತೆಕಲ್ಲೂರು. ಈಗ ಮಸ್ಕಿ ತಾಲೂಕು, ಮೊದಲು ಲಿಂಗಸುಗೂರು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. 1932ರ ಜೂನಿನಲ್ಲಿ ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳಿಂದ ಶುರುವಾಯ್ತು. ಇಡೀ ರಾಜ್ಯದ ಸರ್ಕಾರಿ ಬಸ್ ಸೇವೆ ಆರಂಭವಾದದ್ದು ಅಷ್ಟರಿಂದಲೇ. ಆಮೇಲೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂತು. ಸಿಂಧನೂರು ಕಡೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಹಿಂದೆ ಗ್ಯಾರೇಜ್ ಬಂತು. ಅದೇ ಕಾಲಕ್ಕೆ ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ, ಇವತ್ತಿನ ಬಾಷ್, ಕಾರ್ಖಾನೆ ಹಾಕಿತ್ತು. ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗು ಅಂದ್ರೆ ಮೈಕೋ ಅನ್ನೋ ಮಟ್ಟಿಗೆ ಆ ಹೆಸರು ಬೆಳೀತು.

ಇಲ್ಲಿ ಸ್ವಲ್ಪ ನಿಲ್ಲಿ. ನನ್ನ ಪ್ರಕಾರ ನಮ್ಮ ಕಡೆಯ ಕಥೆಯ ಗಂಟು ಇರೋದು ಇಲ್ಲೇ. ನಮ್ಮ ಗ್ಯಾರೇಜುಗಳು ಬೆಳೆದದ್ದು ಡೀಸೆಲ್ ಮೇಲೆ. ಹಳೇ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್‌ಗೆ ಗಾಳಿ ತಡೆಯೋ ಥ್ರಾಟಲ್ ತಟ್ಟೆ ಇರಲ್ಲ. ಗಾಳಿ ಆರಾಮಾಗಿ ಒಳಗೆ ಬರುತ್ತೆ, ಕಮ್ಮಿ ಜಾಸ್ತಿ ಆಗೋದು ಡೀಸೆಲ್ ಮಾತ್ರ. ಹಂಗಾಗಿ ಅಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಅನ್ನೋ ಮಾತೇ ಹುಟ್ಟಲ್ಲ. ಡೀಸೆಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್‌ಗೆ ಬೇರೆ ಪಂಪನ್ನೇ ಇಡ್ತಾರೆ. ಆದರೆ 'ಏರ್' ಅನ್ನೋ ಪದ ಡೀಸೆಲ್ ಗ್ಯಾರೇಜಿನಲ್ಲೂ ಇದೆ. "ಏರ್ ತಗೊಂಡೈತಿ" ಅಂದ್ರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದೆ, ಸ್ಕ್ರೂ ಸಡಿಲಿಸಿ ಗಾಳಿ ಬಿಡಬೇಕು ಅಂತ. ಪದ ಒಂದೇ, ರೋಗ ಬೇರೆ. ಪೆಟ್ರೋಲ್ ಕಾರಿನ ಗಾಳಿ ರೋಗ ಈ ಕಡೆಗೆ ತಡವಾಗಿ ಬಂದ ನೆಂಟ.

ಆ ನೆಂಟನ ಹೆಸರು ಮಾರುತಿ 800. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀ ಕೊಟ್ರು. 796 ಸಿಸಿ, ಮೂರು ಸಿಲಿಂಡರ್. ಮೂರೇ ಸಿಲಿಂಡರ್ ಅಂದ್ರೆ ಒಂದು ಕೈಕೊಟ್ರೆ ಮೂರನೇ ಒಂದು ಭಾಗ ಶಕ್ತಿ ಹೋಯ್ತು. ಹಂಗಾಗಿ ನಡುಕ ಬೇಗ ಗೊತ್ತಾಗುತ್ತೆ.

ನಮ್ಮ ಕಾಕಾನ ಹತ್ರ ಕಾರ್ಬ್ಯುರೇಟರ್ ಇರೋ ಹಳೇ 800 ಒಂದಿದೆ. ಅದಕ್ಕೆ ಈ ನಡುಕ ಶುರುವಾದಾಗ ಒಂದು ಗ್ಯಾರೇಜಿನವರು ಎಂಜಿನ್ ಬಿಚ್ಚಲೇಬೇಕು ಅಂದ್ರು. ಅವರು ಹೇಳಿದ ಖರ್ಚು ಗಾಡಿಯ ಬೆಲೆಗೆ ಹತ್ತಿರ ಬರ್ತಿತ್ತು. ಭತ್ತದ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಗುಜರಿಗೆ ಕೊಡೋ ಮಾತು ಮನೇಲಿ ಎರಡು ಸಲ ಬಂತು. ಕಾಕಿಯನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ ಇರೋದು ಅದೊಂದೇ ಗಾಡಿ. ಕೊನೆಗೆ ಪೆಟ್ರೋಲ್ ಗಾಡಿ ಕೆಲಸ ಕಲಿತಿದ್ದ ವಯಸ್ಸಾದ ಮಿಸ್ತ್ರಿ ಒಬ್ಬರಿಗೆ ತೋರಿಸಿದ್ವಿ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಒಂದು ಗೇಣುದ್ದ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ ಇಟ್ಕೊಂಡ್ರು, ಇನ್ನೊಂದು ತುದಿಯನ್ನ ಮ್ಯಾನಿಫೋಲ್ಡ್ ಸುತ್ತ ಆಡಿಸಿದ್ರು.

"ಎಲ್ಲೋ ಗಾಳಿ ಎಳೀತೈತಿ ನೋಡ್ರಿ ಗೌಡ್ರ. ಎಂಜಿನ್ ಗಟ್ಟಿ ಐತಿ."

"ಹಂಗಂದ್ರ ಬಿಚ್ಚೋದು ಬ್ಯಾಡೇನ್ರಿ?"

"ಯಾಕ ಬಿಚ್ತೀರಿ? ಪೈಪ್ ಸೀಳೈತಿ, ಅಷ್ಟ."

ರಬ್ಬರ್ ಪೈಪುಗಳನ್ನ ಒಂದೊಂದಾಗಿ ಬೆರಳಲ್ಲಿ ಹಿಸುಕಿದ್ರು. ಒಂದನ್ನ ಹಿಸುಕಿದಾಗ ನಡುಕ ನಿಂತಿತು. ಒಣಗಿ, ಕೆಳಭಾಗದಲ್ಲಿ ಸೀಳು ಬಿಟ್ಟ ಪೈಪ್. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತೆ, ಬಾನೆಟ್ ಒಳಗೆ ಅದಕ್ಕಿಂತ ಜಾಸ್ತಿ. ಅಷ್ಟು ವರ್ಷ ಬೆಂದ ರಬ್ಬರ್ ಸೀಳದೆ ಏನು ಮಾಡುತ್ತೆ? ಹೊಸ ಪೈಪಿಗೆ ಆದ ಖರ್ಚು ನೂರು ರೂಪಾಯಿ ಒಳಗೆ.

ಇದನ್ನ ನೀವೂ ಮಾಡಬಹುದು, ಕ್ರಮ ಮುಖ್ಯ. ಮೊದಲು ಕಣ್ಣು: ಪೈಪ್ ಕಳಚಿದೆಯಾ, ಸೀಳಿದೆಯಾ. ಆಮೇಲೆ ಕಿವಿ: ಬುಸ್ ಅನ್ನೋ ಸದ್ದು ಎಲ್ಲಿಂದ. ಆಮೇಲೆ ಬೆರಳು: ಒಂದೊಂದೇ ಪೈಪ್ ಹಿಸುಕಿ, ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಬಟ್ಟೆ ದೂರ ಇರಲಿ. ಕಾರ್ಬ್ಯುರೇಟರ್ ಕೆಳಗಿನ ಗ್ಯಾಸ್ಕೆಟ್ ಮೇಲೆ ಅನುಮಾನ ಇದ್ರೆ ಸೋಪಿನ ನೀರು ಸ್ವಲ್ಪ ಚಿಮುಕಿಸಿ. ಎಂಜಿನ್ ಸದ್ದು ಬದಲಾದ್ರೆ ಅಲ್ಲೇ ತೂತು. ಕೆಲವರು ಪೆಟ್ರೋಲ್ ಚಿಮುಕಿಸ್ತಾರೆ. ಬೇಡವೇ ಬೇಡ, ಬಿಸಿ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುತ್ತೆ.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಇನ್ನೂ ಒಳ್ಳೇದು. ಸಮುದ್ರಮಟ್ಟದಲ್ಲಿ ಆರೋಗ್ಯದ ಎಂಜಿನ್ ನಿಂತಾಗ ಸುಮಾರು 17ರಿಂದ 22 ಇಂಚು ತೋರಿಸುತ್ತೆ. ಪ್ರತಿ 1,000 ಅಡಿ ಎತ್ತರಕ್ಕೆ ಹತ್ತಿರ ಹತ್ತಿರ ಒಂದು ಇಂಚು ಕಮ್ಮಿ. ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ, ಹಂಗಾಗಿ ಒಂದು ಇಂಚಿನ ಮೇಲೆ ಸ್ವಲ್ಪ ಕಳೆಯಿರಿ. ಬೆಂಗಳೂರಿನಲ್ಲಿ ಮೂರು ಇಂಚು ಕಳೆಯಬೇಕು. ಮುಳ್ಳು ಕೆಳಗೆ ಸ್ಥಿರವಾಗಿ ನಿಂತ್ರೆ ಗಾಳಿ ಸೋರಿಕೆ ಇರಬಹುದು, ಇಲ್ಲಾ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರಬಹುದು. ತಾಳ ಹಾಕಿದಂಗೆ ಮತ್ತೆ ಮತ್ತೆ ಬೀಳ್ತಿದ್ರೆ ವಾಲ್ವ್ ಸುಟ್ಟಿರಬಹುದು. ಎಂಜಿನ್ ಬಿಚ್ಚೋ ಮಾತು ಆಗ.

ಕಾರ್ಬ್ಯುರೇಟರ್ ಕಾಲ ಮುಗಿದದ್ದು ಹೇಗೆ? 1967ರಲ್ಲೇ ಜರ್ಮನಿಯ ಬಾಷ್ ಕಂಪನಿ, ಮ್ಯಾನಿಫೋಲ್ಡ್ ಒತ್ತಡ ಅಳೆದು ಪೆಟ್ರೋಲ್ ಚಿಮ್ಮಿಸೋ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನ ಫೋಕ್ಸ್‌ವ್ಯಾಗನ್ ಕಾರಿಗೆ ಹಾಕಿತ್ತು. ನಮ್ಮಲ್ಲಿ ತಿರುವು ಬಂದದ್ದು ಸುಪ್ರೀಂ ಕೋರ್ಟಿನಿಂದ. 1999ರ ಏಪ್ರಿಲ್‌ನಲ್ಲಿ ಕೋರ್ಟು, ದೆಹಲಿ ಸುತ್ತಮುತ್ತ ಮಾರೋ ಹೊಸ ಖಾಸಗಿ ಕಾರುಗಳು ಜೂನ್ 1ರಿಂದ ಯೂರೋ 1, ಮುಂದಿನ ಏಪ್ರಿಲ್‌ನಿಂದ ಯೂರೋ 2 ಪಾಲಿಸಬೇಕು ಅಂತ ಹೇಳ್ತು. ಕಾರ್ಬ್ಯುರೇಟರ್ ಜಾಗಕ್ಕೆ ಎಂಪಿಎಫ್‌ಐ ಬಂತು. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆಯೇ ನಿಂತಿತು.

ಆದರೆ ಸೋರಿಕೆ ಸಾಯಲಿಲ್ಲ, ವೇಷ ಬದಲಿಸಿತು. ಒತ್ತಡ ಅಳೆಯೋ ಸೆನ್ಸರ್ ಇರೋ ಗಾಡಿಯಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಸಿಗುತ್ತೆ. ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಕೊಡುತ್ತೆ, ನಡುಗೋ ಬದಲು ಗಾಡಿ ನಿಂತಲ್ಲೇ ಜೋರಾಗಿ ಕೂಗುತ್ತೆ. ಸ್ಕ್ಯಾನರ್ ಹಾಕಿದ್ರೆ ಕೋಡ್ ಬರುತ್ತೆ, ಯಾವ ಪೈಪ್ ಅಂತ ಬರಲ್ಲ.

ಇದರಲ್ಲಿ ದುಡ್ಡಿನ ವಿಷಯವೂ ಇದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೊಗೆ ತಪಾಸಣೆ ಮಾಡೋದೂ ಗಾಡಿ ನಿಂತು ಗುರುಗುಡುವಾಗಲೇ. ಮಿಸ್ಸಿಂಗ್ ಇದ್ರೆ ಉರಿಯದ ಪೆಟ್ರೋಲ್ ಹೊಗೆಯಲ್ಲಿ ಹೋಗುತ್ತೆ, ಗಾಡಿ ಫೇಲ್ ಆಗಬಹುದು. ಒಂದು ಸೀಳು ಪೈಪ್ ಸಾಕು, ಓಡೋ ಗಾಡಿ ಗುಜರಿ ಸೇರೋಕೆ.

ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳು 19ನೇ ಶತಮಾನದಲ್ಲೇ ಬೇಸಾಯದ ಅರಿವನ್ನ 'ಕೃಷಿ ಜ್ಞಾನ ಪ್ರದೀಪಿಕೆ' ಅಂತ ಪುಸ್ತಕ ಮಾಡಿಟ್ರು. ಕೈಕೆಲಸದ ವಿದ್ಯೆ ಬರೆದಿಟ್ಟರೆ ಮಾತ್ರ ಮುಂದಿನವರಿಗೆ ಸಿಗುತ್ತೆ ಅನ್ನೋದು ನಮ್ಮೂರಿಗೆ ಹೊಸ ಮಾತಲ್ಲ. ನಿಮ್ಮೂರಲ್ಲೂ ಕಿವಿಯಿಂದ ಗಾಡಿ ರೋಗ ಹೇಳೋ ಮಿಸ್ತ್ರಿ ಇದ್ರೆ, ನಿಮ್ಮ ಫೋನಿನಲ್ಲಿ ರೆಕಾರ್ಡರ್ ಇದೆ. ಹೋಗಿ, ಒಂದು ಚಹಾ ಹೇಳಿ, ಕೇಳಿಸಿಕೊಳ್ಳಿ.

ಮುಂದಿನ ಕಂತಿನಲ್ಲಿ ಸಿಗೋಣ. ಬರ್ತೀನ್ರಿ.