ಉಪ್ಪಿನಿಂದ ಮಂಜುಗಡ್ಡೆಗೆ: ಕರಾವಳಿ ಮೀನು ರಫ್ತಿನ ಕತೆ

ಭತ್ತವನ್ನು ಕಣಜದಲ್ಲಿಟ್ಟು ಬೆಲೆ ಏರುವವರೆಗೆ ಕಾಯಬಹುದು. ಅಡಿಕೆಯನ್ನು ವರ್ಷಗಟ್ಟಲೆ ಇಡಬಹುದು. ಒಂದು ಬುಟ್ಟಿ ಬಂಗಡೆಯನ್ನು ಸಂಜೆಯವರೆಗೂ ಇಡಲಾಗದು. ಹಿಡಿದ ಗಳಿಗೆಯಿಂದಲೇ ಕೆಡತೊಡಗುವ ಸರಕು ಮೀನು. ಆದ್ದರಿಂದ ನಮ್ಮ ಕರಾವಳಿಯ ಮೀನು ವ್ಯಾಪಾರದ ಚರಿತ್ರೆಯೆಂದರೆ ಬಹುಮಟ್ಟಿಗೆ ಮೀನನ್ನು ಕೆಡದಂತೆ ಕಾಯುವ ವಿದ್ಯೆಯ ಚರಿತ್ರೆ. ಆ ವಿದ್ಯೆ ಯಾರ ಕೈಯಲ್ಲಿತ್ತೋ ಲಾಭವೂ ಅವರ ಕೈ ಸೇರಿತು.

ಈ ಮಾತನ್ನು ನಾವು ಘಟ್ಟದ ಮೇಲೆ ನಿಂತು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ದಾಂಡೇಲಿ ಪಕ್ಕದ ಕೋಗಿಲಬನ, ಜೋಯಿಡಾ, ಹಳಿಯಾಳ, ಮುಂಡಗೋಡ ಎಲ್ಲವೂ ಕಾರವಾರ ಕೇಂದ್ರವಾಗಿರುವ ಉತ್ತರ ಕನ್ನಡ ಜಿಲ್ಲೆಗೇ ಸೇರಿವೆ. ದಾಂಡೇಲಿಯನ್ನು ಹಾದು ಹೋಗುವ ಕಾಳಿ ನದಿ ಕಾರವಾರದಲ್ಲೇ ಕಡಲು ಸೇರುತ್ತದೆ. ನೀರು ಇಳಿದಷ್ಟು ಸುಲಭವಾಗಿ ಮೀನು ಮೇಲೆ ಹತ್ತುವುದಿಲ್ಲ. ಕಾರವಾರದ ಸಿಗಡಿ ಸಾವಿರಾರು ಮೈಲಿ ದಾಟಿ ಪರದೇಶದ ಮೇಜಿಗೆ ತಾಜಾ ಆಗಿ ತಲುಪಬಲ್ಲುದು. ನೂರು ಕಿ.ಮೀ. ದೂರದ ಘಟ್ಟದ ಸಂತೆಗೆ ಅದೇ ಕಡಲಿನ ಮೀನು ತಲುಪುವಾಗ ಅರ್ಧ ಸತ್ವ ಕಳೆದಿರುತ್ತದೆ. ಇದು ಹೇಗಾಯಿತು?

ಉಪ್ಪಿನ ಕಾಲ

ಮಂಜುಗಡ್ಡೆ ಬರುವ ಮೊದಲು ಮೀನನ್ನು ಉಳಿಸಲು ಬಿಸಿಲು ಮತ್ತು ಉಪ್ಪು ಮಾತ್ರ ಇದ್ದವು. ಬ್ರಿಟಿಷ್ ಸರಕಾರ ಉಪ್ಪಿನ ಮೇಲೆ ತೆರಿಗೆ ಹೇರಿದಾಗ ಮೀನುಗಾರನ ಕೈಯಿಂದ ಉಪ್ಪು ಜಾರಿತು. 1873ರಲ್ಲಿ ಫ್ರಾನ್ಸಿಸ್ ಡೇ ಎಂಬ ಅಧಿಕಾರಿ ಭಾರತದ ಕಡಲ ಮೀನುಗಾರಿಕೆಯ ಬಗ್ಗೆ ವರದಿ ಬರೆದು, ಉಪ್ಪಿನ ದುಬಾರಿ ಬೆಲೆಯೇ ಈ ಕಸುಬಿಗೆ ಮುಳುವಾಗಿದೆಯೆಂದು ತೋರಿಸಿದ. ಅದೇ ದಶಕದಲ್ಲಿ ಮದ್ರಾಸ್ ಪ್ರಾಂತದ ತೀರದಲ್ಲಿ ಬೇಲಿ ಹಾಕಿದ ಉಪ್ಪು ಮೀನಿನ ಅಂಗಳಗಳು ತೆರೆದವು. ಅಲ್ಲಿ ಸರಕಾರದ ಕಣ್ಣೆದುರಿಗೆ, ಸುಂಕವಿಲ್ಲದ ಉಪ್ಪಿನಲ್ಲಿ ಮೀನು ಹದ ಮಾಡಬಹುದಿತ್ತು. ಮೀನು ಸಂಸ್ಕರಣೆಗೆಂದು ಸರಕಾರ ನಮ್ಮ ಕಡೆ ಕಟ್ಟಿದ ಮೊದಲ ಸೌಕರ್ಯಗಳಲ್ಲಿ ಇದೂ ಒಂದು ಎನ್ನಬಹುದು. ಒಣಮೀನು ಹಡಗೇರಿ ಸಿಲೋನಿಗೆ ಹೋಯಿತು, ಎತ್ತಿನ ಬೆನ್ನೇರಿ ಘಟ್ಟಕ್ಕೂ ಹೋಯಿತು. ಮೊಗವೀರ, ಖಾರ್ವಿ, ಹರಿಕಂತ್ರ ಹಾಗೂ ದಾಲ್ದಿ ಮುಸ್ಲಿಮರು ಹಿಡಿದ ಮೀನನ್ನು ಊರೂರಿಗೆ ಹೊತ್ತವರಲ್ಲಿ ಅವರ ಮನೆಯ ಹೆಂಗಸರೂ ಬ್ಯಾರಿ ವ್ಯಾಪಾರಿಗಳೂ ಇದ್ದರು. ಉಪ್ಪಿನ ಕಾಲದಲ್ಲಿ ದೂರದ ಮಾರುಕಟ್ಟೆಗೂ ಹತ್ತಿರದ ಮಾರುಕಟ್ಟೆಗೂ ಸಿಗುತ್ತಿದ್ದುದು ಒಂದೇ ಸರಕು ಎಂಬುದನ್ನು ನಾವು ಗಮನಿಸಬೇಕು.

ನಾರ್ವೆಯವರು ಬಂದರು

1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಯ ನಡುವೆ ಒಪ್ಪಂದವಾಯಿತು. ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಅದರ ಮೂಲ ಉದ್ದೇಶ ರಫ್ತು ಆಗಿರಲಿಲ್ಲ. ಬಡ ಮೀನುಗಾರರ ಬದುಕು ಸುಧಾರಿಸಬೇಕು, ಊರಿನವರಿಗೆ ಒಳ್ಳೆಯ ಮೀನು ಸಿಗಬೇಕು ಎಂಬುದೇ ಅದರ ಆಶಯ. ಆಸ್ಪತ್ರೆ, ಕುಡಿಯುವ ನೀರು ಕೂಡ ಯೋಜನೆಯ ಭಾಗವಾಗಿದ್ದವು.

ಆದರೆ 1953ರಲ್ಲೇ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹೊರಟಿತ್ತು. ಅಮೆರಿಕ ಮತ್ತು ಜಪಾನಿನ ಬೆಲೆ ಕಂಡ ಮೇಲೆ ಯಂತ್ರದ ದೋಣಿ, ಐಸ್ ಪ್ಲಾಂಟ್, ಶೀತಲಗೃಹ ಎಲ್ಲವೂ ಸಿಗಡಿಯ ಹಿಂದೆ ಓಡಿದವು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ಆರಂಭವಾಯಿತು. 1972ರಲ್ಲಿ ಕೇಂದ್ರ ಸರಕಾರ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ಎಪ್ಪತ್ತರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂದು, ಊರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಮೂಲೆಗೆ ಸರಿಯಿತು. ರಂಪಣಿಯಲ್ಲಿ ಎಳೆದವರಿಗೆಲ್ಲ ಪಾಲು ಇತ್ತು. ಹೊಸ ವ್ಯವಸ್ಥೆಯಲ್ಲಿ ಪಾಲು ಬಂಡವಾಳಕ್ಕೆ ಸೇರಿತು, ಮಂಜುಗಡ್ಡೆಯೂ ಬಂಡವಾಳ ಇದ್ದವನದೇ ಆಯಿತು.

1997ರ ಪಾಠ

ಹೆಪ್ಪುಗಟ್ಟಿಸುವ ವಿದ್ಯೆ ಸರಳವಾಗಿ ಕಾಣುತ್ತದೆ. ಮೈನಸ್ 40 ಡಿಗ್ರಿಯಲ್ಲಿ ಬೇಗನೆ ಗಟ್ಟಿ ಮಾಡಬೇಕು, ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ ಕಾಯ್ದಿಡಬೇಕು. ಆದರೆ ಕೆಟ್ಟ ಮೀನನ್ನು ಒಳ್ಳೆಯದಾಗಿಸುವ ಶಕ್ತಿ ಯಾವ ಫ್ರೀಜರಿಗೂ ಇಲ್ಲ. ದೋಣಿಯಲ್ಲಿ ಐಸ್ ಕಡಿಮೆಯಾದರೆ, ಧಕ್ಕೆಯ ನೆಲ ಕೊಳಕಾಗಿದ್ದರೆ, ತೊಳೆಯುವ ನೀರು ಅಶುದ್ಧವಾಗಿದ್ದರೆ ಆ ದೋಷ ಮೀನಿನೊಳಗೇ ಹೆಪ್ಪುಗಟ್ಟುತ್ತದೆ.

1997ರ ಆಗಸ್ಟಿನಲ್ಲಿ ನೈರ್ಮಲ್ಯದ ಕೊರತೆಯನ್ನು ಮುಂದಿಟ್ಟು ಯುರೋಪಿಯನ್ ಒಕ್ಕೂಟ ಭಾರತದ ಸಮುದ್ರೋತ್ಪನ್ನಗಳನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕವೂ 'ಎಚ್‌ಎಸಿಸಿಪಿ' ಎಂಬ ಸುರಕ್ಷತಾ ಪದ್ಧತಿಯನ್ನು ಕಡ್ಡಾಯ ಮಾಡಿತು. ತಯಾರಿಕೆಯ ಪ್ರತಿ ಹಂತದಲ್ಲೂ ಅಪಾಯ ಎಲ್ಲಿದೆಯೆಂದು ಗುರುತಿಸಿ ಅಲ್ಲೇ ತಡೆಯುವ ಕ್ರಮ ಅದು. ಕಾರ್ಖಾನೆಗಳು ಕೋಟಿಗಟ್ಟಲೆ ಸುರಿದು ಸುಧಾರಿಸಿದವು. ಸುರಿಯಲಾಗದ ಸಣ್ಣವರು ಸ್ಪರ್ಧೆಯಲ್ಲಿ ಹಿಂದೆ ಬಿದ್ದರು. ಹೊಳೆಯುವ ಕಾರ್ಖಾನೆಯ ಪಕ್ಕದಲ್ಲೇ, ಹೆಂಗಸರು ಕುಳಿತು ಮೀನು ಮಾರುವ ಜಾಗ ಎಷ್ಟೋ ಕಡೆ ಹಾಗೆಯೇ ಉಳಿಯಿತು.

ದುಡಿಯುವವರ ಸುರಕ್ಷತೆಗೂ ಅದೇ ಗತಿ. 2022ರ ಏಪ್ರಿಲಿನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಯ ವಿಷಾನಿಲಕ್ಕೆ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಬಲಿಯಾದರು. ಪರದೇಶದ ಗ್ರಾಹಕನ ಹೊಟ್ಟೆಗಾಗಿ ಪ್ರತಿ ಹಂತದ ಅಪಾಯವನ್ನೂ ಗುರುತಿಸುವ ಉದ್ಯಮಕ್ಕೆ, ತನ್ನ ಕಾರ್ಮಿಕನ ಉಸಿರಿಗಿರುವ ಅಪಾಯ ಏಕೆ ಕಾಣದೆ ಹೋಯಿತು?

ಯಾರಿಗಾಗಿ ಶೀತಲಗೃಹ?

2024-25ರಲ್ಲಿ ಭಾರತ ಸುಮಾರು 17 ಲಕ್ಷ ಟನ್, ಅಂದರೆ 62 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಸಮುದ್ರೋತ್ಪನ್ನ ರಫ್ತು ಮಾಡಿತು. ಅದರ ಮೌಲ್ಯದಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಸಿಗಡಿಯೊಂದರದೇ. ಅತಿ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟಿನಲ್ಲಿ ಆ ದೇಶ ಭಾರತದ ಸರಕಿನ ಮೇಲೆ ಶೇ. 50 ಸುಂಕ ಹೇರಿದಾಗ ಸಿಗಡಿ ಉದ್ಯಮವೇ ನಡುಗಿತು. ಒಂದೇ ಸರಕು, ಒಂದೇ ಗಿರಾಕಿಯನ್ನು ನೆಚ್ಚಿದ ವ್ಯಾಪಾರದ ಪಾಡು ಇದು. ಇತ್ತ ಬೂತಾಯಿಯಂತಹ ಬಡವರ ಮೀನು ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಲ್ಲಿ ಹಿಟ್ಟಾಗಿ, ಎಣ್ಣೆಯಾಗಿ, ಸಾಕಿದ ಸಿಗಡಿಗೂ ಕೋಳಿಗೂ ಆಹಾರವಾಗುತ್ತಿದೆ.

ರಫ್ತು ಬೇಡವೆಂದು ನಾವು ಹೇಳುತ್ತಿಲ್ಲ. ಅದು ಸಾವಿರಾರು ಮನೆಗಳ ಒಲೆ ಉರಿಸಿದೆ. 2020ರಲ್ಲಿ 20,050 ಕೋಟಿ ರೂಪಾಯಿಯ ಮತ್ಸ್ಯಸಂಪದ ಯೋಜನೆ ಬಂದಾಗ ಶೀತಲ ಸರಪಳಿಗೂ ಅದರಲ್ಲಿ ಜಾಗ ಸಿಕ್ಕಿದ್ದು ಒಳ್ಳೆಯದೇ. ಆದರೆ ಸರಪಳಿಯ ಮೊದಲ ಕೊಂಡಿ ಕಾರ್ಖಾನೆಯಲ್ಲ, ದೋಣಿ ಮತ್ತು ಧಕ್ಕೆ. ಅಲ್ಲಿ ಶುದ್ಧ ನೀರು, ಸಾಕಷ್ಟು ಐಸ್, ಮೀನುಗಾರರ ಸಹಕಾರ ಸಂಘಗಳ ಒಡೆತನದ ಶೀತಲಗೃಹ ಇದ್ದರೆ ಹಿಡಿದವನಿಗೂ ಎರಡು ದಿನ ಕಾದು ಮಾರುವ ಶಕ್ತಿ ಬರುತ್ತದೆ. ಹಳಿಯಾಳ, ದಾಂಡೇಲಿಗಳಲ್ಲಿ ಒಂದೊಂದು ಸಣ್ಣ ಶೀತಲ ಕೋಠಿ ಇದ್ದರೆ ಪರದೇಶದ ಬಾಗಿಲು ಮುಚ್ಚಿದ ದಿನ ಹೆಚ್ಚಾದ ಮೀನಿಗೆ ಘಟ್ಟದ ಮೇಲೊಂದು ಬಾಗಿಲು ತೆರೆದಿರುತ್ತದೆ.

ಉಪ್ಪಿನ ಕಾಲದಲ್ಲಿ ಸಿಲೋನಿಗೆ ಹೋದ ಮೀನೇ ಘಟ್ಟಕ್ಕೂ ಬರುತ್ತಿತ್ತು. ಮಂಜುಗಡ್ಡೆಯ ಕಾಲದಲ್ಲಿ ಅಷ್ಟಾದರೂ ಸಾಧ್ಯವಾಗಬೇಡವೇ?