ಬಿ.ಎಸ್ಸಿ. ಒಂದು ಕಡೆ, ಬಿ.ಕಾಂ. ಇನ್ನೊಂದು ಕಡೆ

ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ಒಂದು ಲಕ್ಷ ಸಾಲ ತಂದರೆ ವರ್ಷದ ಬಡ್ಡಿ 12,000. ಒಟ್ಟು 1,12,000 ರೂಪಾಯಿಯನ್ನು ಹನ್ನೆರಡು ಸಮ ಕಂತಾಗಿ ಹಂಚಿದರೆ ತಿಂಗಳಿಗೆ 9,333. ಪಿರಿಯಾಪಟ್ಟಣದಲ್ಲಾಗಲಿ ಎಚ್.ಡಿ. ಕೋಟೆಯಲ್ಲಾಗಲಿ ಇದನ್ನು ಶೇ. 12ರ ಸಾಲವೆಂದೇ ಲೆಕ್ಕ ಹಿಡಿಯುತ್ತಾರೆ. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ ಲಕ್ಷದ ಮೇಲೆಯೇ ಬೀಳುತ್ತದೆ. ನಿಜವಾದ ದರ ವರ್ಷಕ್ಕೆ ಸುಮಾರು ಶೇ. 21.5. ಅದನ್ನು ಕಂಡುಹಿಡಿಯಲು ಹನ್ನೆರಡನೆಯ ಘಾತದ ಸಮೀಕರಣವೊಂದನ್ನು ಬಿಡಿಸಬೇಕು. ಅದಕ್ಕೆ ನೇರ ಸೂತ್ರವಿಲ್ಲ, ನ್ಯೂಟನ್-ರಾಫ್ಸನ್ ವಿಧಾನದಿಂದ ಹಂತ ಹಂತವಾಗಿ ಹತ್ತಿರ ಹೋಗಬೇಕು. ಆ ವಿಧಾನ ಬಿ.ಎಸ್ಸಿ. ಗಣಿತದ ಪಾಠ, ಕಂತಿನ ಸಾಲ ಬಿ.ಕಾಂ.ನ ಪಾಠ. ಎರಡನ್ನೂ ಒಬ್ಬಳೇ ಹುಡುಗಿ ಕಲಿಯುವ ರೂಢಿ ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಬೆಳೆಯಲೇ ಇಲ್ಲ.

ಗಣಿತಕ್ಕೂ ದುಡ್ಡಿನ ಲೆಕ್ಕಕ್ಕೂ ನಡುವಿನ ಈ ಗೋಡೆ ಹಳೆಯದೇನಲ್ಲ. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಗೆ ದೊಡ್ಡ ಜಾಗವಿದೆ. ಅಸಲು-ಬಡ್ಡಿ ಬೆರೆತ ಮೊತ್ತ ಕೊಟ್ಟು ಅವೆರಡನ್ನೂ ಬೇರ್ಪಡಿಸುವ ಲೆಕ್ಕ ಅಲ್ಲಿ ಅಪ್ಪಟ ಗಣಿತವೇ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಮಹಾವೀರನ ಕೃತಿಯನ್ನು ಕನ್ನಡ ಅನುವಾದದೊಂದಿಗೆ 2000ದಲ್ಲಿ ಹೊರತಂದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ. ಪ್ರಕಟಿಸಿದ್ದು ಹೊಂಬುಜ ಜೈನ ಮಠ.

ಆಡಳಿತವೂ ಗಣಿತ-ಹಣಕಾಸಿನ ಈ ಜೋಡಿಯನ್ನು ಬೇಗ ಕಂಡುಕೊಂಡಿತ್ತು. ಮೈಸೂರು ಸರ್ಕಾರ ತನ್ನ ನೌಕರರಿಗಾಗಿ 1891ರಲ್ಲೇ ಜೀವವಿಮೆ ಶುರುಮಾಡಿತು. ಇಂದಿಗೂ ಹುಣಸೂರಿನ ಸರ್ಕಾರಿ ಶಾಲೆಯ ಮೇಷ್ಟರ ಸಂಬಳದಿಂದ ತಿಂಗಳು ತಿಂಗಳೂ ಕಡಿತವಾಗುವ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಂತು ಅದೇ. ಎಷ್ಟನೇ ವಯಸ್ಸಿನವರು ಎಷ್ಟು ಕಟ್ಟಬೇಕೆಂಬುದು ಮರಣ ಕೋಷ್ಟಕ, ಸಂಭವನೀಯತೆ, ಚಕ್ರಬಡ್ಡಿ ಮೂರೂ ಕೂಡಿದ ಲೆಕ್ಕ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕ್ ಬಂತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು.

ವಿಶ್ವವಿದ್ಯಾನಿಲಯ ಬಂದ ಮೇಲೆ ಗಣಿತ ವಿಜ್ಞಾನದ ಪಾಲಾಯಿತು. ಆನರ್ಸ್ ಪದವಿ ಎಂಬುದು ನಮಗೆ ಹೊಸದಲ್ಲ; ಹಳೆಯ ಮೈಸೂರಿನಲ್ಲಿ ಬಿ.ಎಸ್ಸಿ. ಆನರ್ಸ್ ಮಾಡಿದವರಿದ್ದರು. ಆದರೆ ಗಣಿತದ ಜೊತೆಗಾರ ಭೌತಶಾಸ್ತ್ರ ಎಂಬುದು ಅಲ್ಲಿಂದಲೇ ಗಟ್ಟಿಯಾಯಿತು. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಗಣಿತಕ್ಕೆ ಹೊರಜಗತ್ತಿನಲ್ಲಿ ಹೆಸರು ತಂದದ್ದು ರಾಮಾನುಜನ್ ಅಧ್ಯಯನ, ಅಂದರೆ ಶುದ್ಧ ಗಣಿತ. ಅದು ಹೆಮ್ಮೆಯ ಮಾತೇ. ಆದರೆ ದುಡ್ಡಿನ ಲೆಕ್ಕ ಕಡಿಮೆ ದರ್ಜೆಯದು ಎಂಬ ಭಾವನೆಯೂ ಈ ಶುದ್ಧತೆಯ ಬೆನ್ನಿಗೇ ಬಂತೆಂದು ನನ್ನ ಗುಮಾನಿ.

ಅಷ್ಟರಲ್ಲಿ ಹೊರಗೆ ಬೇರೆಯದೇ ನಡೆದಿತ್ತು. ಷೇರುಪೇಟೆಯ ಏರಿಳಿತವನ್ನು ಸಂಭವನೀಯತೆಯ ಭಾಷೆಯಲ್ಲಿ ಹೇಳಿದ ಬ್ಯಾಶೆಲಿಯೆಯ ಪ್ರಬಂಧ ಪ್ಯಾರಿಸ್ಸಿನಲ್ಲಿ 1900ರಲ್ಲೇ ಬಂದಿತ್ತು, ಕೇಳುವವರು ಕಡಿಮೆ. 1952ರಲ್ಲಿ ಮಾರ್ಕೊವಿಟ್ಜ್ ಲಾಭದ ಜೊತೆಗೆ ಅಪಾಯವನ್ನೂ ಅಳೆಯಬೇಕೆಂದ. 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಆಪ್ಷನ್‌ಗೆ ಬೆಲೆ ಕಟ್ಟುವ ಸೂತ್ರ ಕೊಟ್ಟರು. ಅದರ ಹಿಂದೆ ಜಪಾನಿನ ಇಟೊ 1940ರ ದಶಕದಲ್ಲಿ ಕಟ್ಟಿದ ಕಲನಶಾಸ್ತ್ರವಿತ್ತು. ಗಣಿತ-ಹಣಕಾಸು ಆನರ್ಸ್ ಪದವಿಗಳು ಹುಟ್ಟಿದ್ದು ಈ ಬೇರಿನಿಂದ. ನಮ್ಮಲ್ಲಿ ಎನ್‌ಎಸ್‌ಇ ಸೂಚ್ಯಂಕದ ಫ್ಯೂಚರ್ಸ್ ಶುರುಮಾಡಿದ್ದು 2000ದಲ್ಲಿ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿಗೆ ಬಂತು. ಈಗ ಆಪ್ಷನ್ ವಹಿವಾಟು ಹಳ್ಳಿಯ ಮೊಬೈಲಿನಲ್ಲೂ ಇದೆ. ಫ್ಯೂಚರ್ಸ್-ಆಪ್ಷನ್ ಪೇಟೆಯ ಬಿಡಿ ವಹಿವಾಟುದಾರರಲ್ಲಿ ಶೇ. 93 ಮಂದಿ ಮೂರು ಹಣಕಾಸು ವರ್ಷಗಳಲ್ಲಿ ನಷ್ಟ ಅನುಭವಿಸಿದರೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಹೇಳಿತು. ಸೂತ್ರ ಓದದವರ ಕೈಗೆ ಸರಕು ಮೊದಲು ಬಂದುಬಿಟ್ಟಿತು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪದವಿಗೆ ಬೇಕಾದ ಉದಾಹರಣೆ ಹುಡುಕಿಕೊಂಡು ಮುಂಬೈಗೆ ಹೋಗಬೇಕಿಲ್ಲ. ಹುಣಸೂರು-ಪಿರಿಯಾಪಟ್ಟಣ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು. ಎಷ್ಟು ಬೆಳೆಯಬೇಕೆಂಬ ಮಿತಿಯನ್ನು ಮಂಡಳಿ ಹಾಕುತ್ತದೆ. ಬೆಳೆಸಾಲದ ಕಂತನ್ನು ಬೇಲ್ ಮಾರಿದ ಹಣದಲ್ಲೇ ಮುರಿದುಕೊಳ್ಳಲಾಗುತ್ತದೆ. ದರವೋ, ಬ್ರೆಜಿಲ್, ಜಿಂಬಾಬ್ವೆಗಳ ಫಸಲಿನ ಗಾಳಿಗೂ ಅಲುಗಾಡುತ್ತದೆ. ಎಲೆ ಹದಮಾಡುವ ಬ್ಯಾರನ್ನಿಗೆ ಸೌದೆ ಹೊಂದಿಸುವ ಹೊತ್ತಿಗೆ ರೈತ ಹಾಕುವ ಖರ್ಚಿಗೂ, ತಿಂಗಳುಗಳ ನಂತರ ಹರಾಜು ಕಟ್ಟೆಯಲ್ಲಿ ಸಿಗುವ ದರಕ್ಕೂ ನಡುವಿನ ಅನಿಶ್ಚಿತತೆಯೇ ಹಣಕಾಸು ಗಣಿತದ ಮೊದಲ ಅಧ್ಯಾಯ. ಪಕ್ಕದ ಹೊಲದಲ್ಲಿ ಶುಂಠಿ, ಮೆಕ್ಕೆಜೋಳ, ಕೋಟೆ ಕಡೆ ಹತ್ತಿ, ಕೆ.ಆರ್. ನಗರದ ಕಾಲುವೆ ಬಯಲಲ್ಲಿ ಭತ್ತ. ಯಾವುದಕ್ಕೆ ಎಷ್ಟು ಎಕರೆ ಎಂಬ ಪ್ರಶ್ನೆಯನ್ನು ಮಾರ್ಕೊವಿಟ್ಜ್‌ನ ರೀತಿಯಲ್ಲಿ ಕೇಳಬಹುದು: ಶುಂಠಿ ಬಿದ್ದ ವರ್ಷ ಹೊಗೆಸೊಪ್ಪೂ ಬೀಳುತ್ತದೆಯೇ? ಊರಿನ ಚೀಟಿ ವ್ಯವಹಾರವೂ ಹಾಗೆಯೇ. ಮೊದಲ ತಿಂಗಳೇ ಕೂಗಿ ಎತ್ತಿಕೊಂಡವನಿಗೆ ಅದು ಸಾಲ, ಕೊನೆಯವರೆಗೆ ಕಾದವನಿಗೆ ಉಳಿತಾಯ. ಇಬ್ಬರ ಬಡ್ಡಿದರವೂ ಅದೇ ನ್ಯೂಟನ್-ರಾಫ್ಸನ್ನಿನಿಂದ ಹೊರಡುತ್ತದೆ.

ಪಿಯುಸಿಯಲ್ಲಿ ಈ ಜೋಡಿಯ ಒಂದು ಎಳೆ ಉಳಿದಿದೆ. ವಾಣಿಜ್ಯದ ಮಕ್ಕಳು ತೆಗೆದುಕೊಳ್ಳಬಹುದಾದ ಬೇಸಿಕ್ ಮ್ಯಾಥ್ಸ್‌ನಲ್ಲಿ ಹುಂಡಿ ವಟಾವಣೆ, ಷೇರು, ಲೀನಿಯರ್ ಪ್ರೋಗ್ರಾಮಿಂಗ್, ಸಂಭವನೀಯತೆ ಒಂದೇ ಪುಸ್ತಕದಲ್ಲಿವೆ. ಪದವಿಗೆ ಬಂದೊಡನೆ ದಾರಿ ಕವಲೊಡೆಯುತ್ತದೆ.

ಕವಲು ಕೂಡಿಸುವ ಪ್ರಯತ್ನ 2021-22ರಲ್ಲಿ ಬಂತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದಿತು: ನಾಲ್ಕು ವರ್ಷದ ಆನರ್ಸ್, ನಡುವೆ ಬಿಟ್ಟರೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ, ಬೇರೆ ವಿಭಾಗದ ಮುಕ್ತ ಐಚ್ಛಿಕ ವಿಷಯ. ಬಿಸಿನೆಸ್ ಮ್ಯಾಥಮ್ಯಾಟಿಕ್ಸ್ ಆ ಬಾಗಿಲಿನಿಂದಲೇ ಒಳಗೆ ಬಂತು. ಆದರೆ ತಾಲ್ಲೂಕು ಕಾಲೇಜಿನಲ್ಲಿ ಐಚ್ಛಿಕ ಎಂದರೆ ಇರುವ ಮೇಷ್ಟರು ಹೇಳಿಕೊಡಬಲ್ಲದ್ದು. ಅತಿಥಿ ಉಪನ್ಯಾಸಕರ ಮೇಲೆ ನಿಂತ ವಿಭಾಗದಲ್ಲಿ ಆಯ್ಕೆ ಕಾಗದದಲ್ಲೇ ಉಳಿಯುತ್ತದೆ. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, ರಾಜ್ಯ ಮೂರು ವರ್ಷದ ಪದವಿಗೇ ಮರಳಿತು. ಮೂರು ವರ್ಷಕ್ಕೆ ಮರಳಿದ್ದು ಬಡ ಕುಟುಂಬಗಳ ದೃಷ್ಟಿಯಿಂದ ಸರಿ ಎಂದೇ ನನಗನಿಸುತ್ತದೆ, ಇನ್ನೊಂದು ವರ್ಷದ ಬಸ್ಸು, ಹಾಸ್ಟೆಲ್ಲು, ಕೈಬಿಟ್ಟ ಕೂಲಿ ಸಣ್ಣದಲ್ಲ. ಬೇಸರವಿರುವುದು ಬೇರೆ ಕಡೆ: ವರ್ಷ ಎಷ್ಟಿರಬೇಕು ಎಂಬ ಜಗಳದಲ್ಲಿ ಯಾವ ವಿಷಯದ ಪಕ್ಕ ಯಾವುದು ಕೂರಬೇಕು ಎಂಬ ಚರ್ಚೆಯೇ ಹಿಂದೆ ಸರಿಯಿತು. ಗಣಿತ-ಹಣಕಾಸಿನ ಜೋಡಿಗೆ ನಾಲ್ಕನೆಯ ವರ್ಷ ಬೇಕೇ ಬೇಕೆಂದಿಲ್ಲ. ಗಣಿತ, ಸಂಖ್ಯಾಶಾಸ್ತ್ರ, ಲೆಕ್ಕಶಾಸ್ತ್ರ ಮೂರನ್ನೂ ಒಂದೇ ವೇಳಾಪಟ್ಟಿಗೆ ತಂದರೆ ಮೂರು ವರ್ಷದಲ್ಲೇ ಆದೀತು.

ಸದ್ಯಕ್ಕೆ ಹಟವಿರುವವರಿಗೆ ಒಂದು ಅಡ್ಡದಾರಿ ಇದೆ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಒಪ್ಪಿತು. ಹುಣಸೂರಿನಲ್ಲಿ ಬಿ.ಎಸ್ಸಿ. ತರಗತಿಗೆ ಹೋಗುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದೂರಶಿಕ್ಷಣದ ಬಿ.ಕಾಂ. ಕಟ್ಟುವುದು ಆ ಒಪ್ಪಿಗೆಯ ಒಳಗೇ ಬರುವ ಮಾತು. ಆದರೆ ಎರಡು ಶುಲ್ಕ, ಎರಡು ಪರೀಕ್ಷಾ ವೇಳಾಪಟ್ಟಿ. ಎರಡನ್ನೂ ಹೊಲಿಯುವ ಕೆಲಸ ಪೂರ್ತಿ ವಿದ್ಯಾರ್ಥಿಯದೇ.